ಕ್ಲೋರಿನ್ ಇದ್ದರೂ ಕೊಳದಲ್ಲಿ ಪಾಚಿ ಏಕೆ?

ಪ್ರಶ್ನೆ: ದೇವನಹಳ್ಳಿ ಸಮೀಪದ ನಮ್ಮ ತೋಟದ ಮನೆಯಲ್ಲಿ 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.3 ಮೀಟರ್ ಆಳದ ಈಜುಕೊಳವಿದೆ. ಬೋರ್‌ವೆಲ್ ನೀರು ತುಂಬಿಸಿ, ಎರಡು ವರ್ಷಗಳಿಂದ ಟಿಸಿಸಿಎ (ಟ್ರೈಕ್ಲೋರೋ ಐಸೋಸಯನ್ಯೂರಿಕ್ ಆಮ್ಲ) ಎಂಬ ಕ್ಲೋರಿನ್ ಮಾತ್ರೆಗಳನ್ನೇ ಬಳಸುತ್ತಿದ್ದೇವೆ. ಈಗ ಎಷ್ಟು ಹಾಕಿದರೂ ನೀರು ಅಕ್ಕಿ ತೊಳೆದ ನೀರಿನಂತೆ ಮಸುಕಾಗಿಯೇ ಇರುತ್ತದೆ. ಟೈಲ್ಸ್ ಮೇಲೆ ಬಿಳಿ ಹಕ್ಕಳೆ ಕಟ್ಟಿದೆ, ಮೆಟ್ಟಿಲ ಮೂಲೆಯಲ್ಲಿ ಪಾಚಿ ಬಂದಿದೆ, ಮಕ್ಕಳು ಕಣ್ಣುರಿ ಎನ್ನುತ್ತಾರೆ. ಕಿಟ್‌ನಲ್ಲಿ ಪಿಎಚ್ (ನೀರಿನ ಆಮ್ಲ-ಕ್ಷಾರ ಅಳತೆ) 8.2, ಕ್ಲೋರಿನ್ 3 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ 3 ಭಾಗ) ತೋರಿಸುತ್ತಿದೆ. ಕ್ಲೋರಿನ್ ಇನ್ನೂ ಹೆಚ್ಚಿಸಬೇಕೇ?

ಉತ್ತರ: ಬೇಡ. ನಿಮ್ಮ ಕೊಳದಲ್ಲಿ ಕ್ಲೋರಿನ್ ಕಡಿಮೆಯಾಗಿಲ್ಲ; ಇರುವ ಕ್ಲೋರಿನ್‌ನ ಕೈಕಟ್ಟಿ ಹಾಕಿದಂತಾಗಿದೆ. ರೋಗಾಣು, ಪಾಚಿಗಳನ್ನು ಕೊಲ್ಲುವುದು ಹೈಪೋಕ್ಲೋರಸ್ ಆಮ್ಲ ಎಂಬ ರೂಪ. ಬೇರೇನೂ ಬೆರೆಯದ ನೀರಿನಲ್ಲಿ ಪಿಎಚ್ 7.5 ಇದ್ದಾಗ ಕ್ಲೋರಿನ್‌ನ ಸುಮಾರು ಅರ್ಧ ಭಾಗ ಈ ರೂಪದಲ್ಲಿರುತ್ತದೆ. ಪಿಎಚ್ 8ಕ್ಕೇರಿದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ, 8.2ರಲ್ಲಿ ಅದಕ್ಕಿಂತಲೂ ಕಡಿಮೆ. ಟಿಸಿಸಿಎ ಸ್ವತಃ ಆಮ್ಲೀಯ ವಸ್ತುವಾಗಿದ್ದೂ ಎರಡು ವರ್ಷಗಳ ನಂತರ ಪಿಎಚ್ ಇಷ್ಟು ಮೇಲಿದೆ ಎಂದರೆ, ನಿಮ್ಮ ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬೊನೇಟ್, ಅಂದರೆ ಕ್ಷಾರತೆ, ಬಹಳ ಹೆಚ್ಚಿರಬೇಕು. ನೆಲದಾಳದ ನೀರು ಗಾಳಿಗೆ ತೆರೆದುಕೊಂಡಾಗ ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ಬೇರ್ಪಡುತ್ತದೆ. ಗೀಜರ್‌ನ ಕಾಯಿಲ್ ಮೇಲೆ ಕಟ್ಟುವ ಬಿಳಿ ಹಕ್ಕಳೆ ಇದೇ ವಸ್ತು. ನೀರಿನ ಮಸುಕಿಗೂ ಬಹುಪಾಲು ಇದೇ ಕಾರಣ.

ಎರಡನೆಯದು, ಅಂಗಡಿಯವರು ಸಾಮಾನ್ಯವಾಗಿ ಹೇಳದ ಸಂಗತಿ. ಟಿಸಿಸಿಎ ಕರಗಿದಾಗ ಕ್ಲೋರಿನ್ ಜೊತೆ ಸಯನ್ಯೂರಿಕ್ ಆಮ್ಲವೂ ನೀರಿಗೆ ಸೇರುತ್ತದೆ. 30ರಿಂದ 50 ಪಿಪಿಎಂವರೆಗೆ ಅದು ಕ್ಲೋರಿನ್ ಬಿಸಿಲಿಗೆ ಹಾಳಾಗದಂತೆ ಕಾಯುತ್ತದೆ. ಅದಕ್ಕಿಂತ ಹೆಚ್ಚಾದಂತೆ ಕ್ಲೋರಿನ್ನನ್ನು ಕೆಲಸ ಮಾಡಲೂ ಬಿಡುವುದಿಲ್ಲ. ನಿಮ್ಮ ಕೊಳ ಹಿಡಿಯುವುದು ಸುಮಾರು 42,000 ಲೀಟರ್ ನೀರು. ಇಷ್ಟು ನೀರಿನಲ್ಲಿ ಒಂದು ಕಿಲೋ ಮಾತ್ರೆ ಕರಗಿದರೆ ಸಯನ್ಯೂರಿಕ್ ಆಮ್ಲ ಸುಮಾರು 13 ಪಿಪಿಎಂ ಏರುತ್ತದೆ. ನಾಲ್ಕನೆಯ ಕಿಲೋ ಮುಗಿಯುವ ಹೊತ್ತಿಗೆ ಮಿತಿ ಮುಟ್ಟಿಯಾಗಿರುತ್ತದೆ. ಅದು ಆವಿಯಾಗುವುದಿಲ್ಲ, ಫಿಲ್ಟರ್‌ನಲ್ಲಿ ನಿಲ್ಲುವುದೂ ಇಲ್ಲ. ನೀರು ಹೊರಗೆ ಹೋದರೆ ಮಾತ್ರ ಅದೂ ಹೋಗುತ್ತದೆ.

ಆದ್ದರಿಂದ ಮೊದಲು ಒಟ್ಟು ಕ್ಷಾರತೆ ಮತ್ತು ಸಯನ್ಯೂರಿಕ್ ಆಮ್ಲವನ್ನು ಪರೀಕ್ಷಿಸಿರಿ. ಎರಡನೆಯದು 100 ದಾಟಿದ್ದರೆ ಅರ್ಧ ನೀರನ್ನು ಬದಲಿಸುವುದೊಂದೇ ಮಾರ್ಗ. ಹೊರಬಿಡುವ ನೀರಿನಲ್ಲಿ ಕ್ಲೋರಿನ್ ಸೊನ್ನೆಗೆ ಇಳಿಯುವವರೆಗೆ ಅದನ್ನು ಗಿಡಗಳಿಗೆ ಹರಿಸಬೇಡಿ. ಮತ್ತೆ ಬೋರ್‌ವೆಲ್ ನೀರನ್ನೇ ತುಂಬಿದರೆ ಕ್ಷಾರತೆಯ ಕಥೆ ಮೊದಲಿನಿಂದ ಶುರುವಾಗುತ್ತದೆ; ಚಾವಣಿಯ ಮಳೆನೀರನ್ನು ಶೋಧಿಸಿ ತುಂಬುವುದು ಉತ್ತಮ. (ನಗರದೊಳಗಿನ ಓದುಗರಿಗೆ ಒಂದು ನೆನಪು: ಬೆಂಗಳೂರು ಜಲಮಂಡಳಿಯು 2024ರ ಮಾರ್ಚ್‌ನ ಅಭಾವದಲ್ಲಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ, 5,000 ರೂಪಾಯಿ ದಂಡ ಗೊತ್ತುಪಡಿಸಿತ್ತು.) ಲೆಕ್ಕವನ್ನೂ ನೋಡಿ. ನಿಮ್ಮ ಕೊಳದಲ್ಲಿ ಕ್ಷಾರತೆಯನ್ನು 10 ಪಿಪಿಎಂ ಇಳಿಸಲು ಶೇ 33ರ ಹೈಡ್ರೋಕ್ಲೋರಿಕ್ ಆಮ್ಲ ಸುಮಾರು 800 ಮಿಲಿಲೀಟರ್ ಬೇಕು. ಕ್ಷಾರತೆ 300 ಇದ್ದರೆ ಅದನ್ನು 100ಕ್ಕೆ ತರಲು 16 ಲೀಟರ್ ಆಮ್ಲ ಸುರಿಯಬೇಕು. ಅರ್ಧದಷ್ಟು ಮಳೆನೀರು ಸೇರಿಸಿ 150ಕ್ಕೆ ಇಳಿಸಿಕೊಂಡರೆ 4 ಲೀಟರ್ ಸಾಕು.

ಆಮ್ಲವನ್ನು ಒಂದೇ ದಿನ ಹಾಕಬೇಡಿ. ದಿನಕ್ಕೆ ಅರ್ಧದಿಂದ ಮುಕ್ಕಾಲು ಲೀಟರ್‌ನಂತೆ, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಮೊದಲು ನೀರು ತೆಗೆದುಕೊಂಡು, ಅದಕ್ಕೆ ಆಮ್ಲವನ್ನು ನಿಧಾನವಾಗಿ ಬೆರೆಸಿ, ಪಂಪ್ ಓಡುತ್ತಿರುವಾಗ ಆಳದ ಬದಿಯಲ್ಲಿ ಸುತ್ತ ಸುರಿಯಿರಿ. ಕೈಗವಸು, ಕನ್ನಡಕ ಇರಲಿ. ಪಿಎಚ್ 7.2ಕ್ಕೆ ಇಳಿದರೆ ಅಂದಿಗೆ ನಿಲ್ಲಿಸಿ. ಮರುದಿನ ಅದು ಮತ್ತೆ ಮೇಲೆ ಬಂದಿದ್ದರೆ ಗಾಬರಿ ಬೇಡ, ಕ್ಷಾರತೆ ಮಾತ್ರ ಇಳಿದ ಜಾಗದಲ್ಲೇ ಉಳಿದಿರುತ್ತದೆ. ಕ್ಷಾರತೆ 80ರಿಂದ 120, ಪಿಎಚ್ 7.4ರ ಆಸುಪಾಸಿಗೆ ಬಂದ ಮೇಲೆ ಕ್ಲೋರಿನ್ ಕಡೆ ತಿರುಗಿ. ಇನ್ನು ಕೆಲವು ತಿಂಗಳು ಮಾತ್ರೆ ಬಿಟ್ಟು ದ್ರವ ಸೋಡಿಯಂ ಹೈಪೋಕ್ಲೋರೈಟ್ ಬಳಸಿರಿ. ಶೇ 10ರ ದ್ರವವಾದರೆ 1 ಪಿಪಿಎಂಗೆ ಸುಮಾರು 420 ಮಿಲಿಲೀಟರ್ ಬೇಕು. ಕ್ಯಾನ್ ಬಿಸಿಲಲ್ಲಿ ಇದ್ದರೆ ದ್ರವದ ಶಕ್ತಿ ಕುಂದುವುದರಿಂದ ಹೆಚ್ಚು ದಾಸ್ತಾನು ಮಾಡಬೇಡಿ. ಹೊತ್ತು ಮುಳುಗಿದ ಮೇಲೆ ಹಾಕಿ. ಆಮ್ಲ ಮತ್ತು ಹೈಪೋಕ್ಲೋರೈಟ್ ಒಂದೇ ಬಕೆಟ್‌ಗೆ ಬಿದ್ದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಟಿಸಿಸಿಎ ಮುಟ್ಟಿದ ಸೌಟಿನಿಂದ ಬ್ಲೀಚಿಂಗ್ ಪೌಡರ್ ತೆಗೆಯುವುದೂ ಕೂಡದು. ಇವೆರಡೂ ಬೆರೆತರೆ ಬೆಂಕಿ ಹತ್ತಬಹುದು.

ಕಣ್ಣುರಿಯ ವಿಷಯ. ಹಳದಿ ಬಣ್ಣ ಬರುವ ಕಿಟ್ ಒಟ್ಟು ಕ್ಲೋರಿನ್ನನ್ನು ತೋರಿಸುತ್ತದೆ. ಅದರಲ್ಲಿ ಬೆವರು, ಮೂತ್ರದೊಂದಿಗೆ ಬೆರೆತು ಕ್ಲೋರಮೈನ್ ಆದದ್ದೂ ಸೇರಿರುತ್ತದೆ. ಕಣ್ಣುರಿಗೂ 'ಕ್ಲೋರಿನ್ ವಾಸನೆ'ಗೂ ಕಾರಣ ಈ ಕ್ಲೋರಮೈನ್. ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ಕೊಂಡರೆ ಎರಡನ್ನೂ ಬೇರ್ಪಡಿಸಿ ನೋಡಬಹುದು. ಮಕ್ಕಳು ಮೈ ತೊಳೆದು ಕೊಳಕ್ಕಿಳಿದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ.

ಪ್ರಶ್ನೆ: ಸಕಲೇಶಪುರದ ಕಡೆ ನಮ್ಮ ಹೋಂಸ್ಟೇಯಲ್ಲಿ ಹಳ್ಳದ ನೀರಿನ ಕೊಳವಿದೆ. ಮಳೆಗಾಲದಲ್ಲಿ ಪಿಎಚ್ 6.8ಕ್ಕೆ ಇಳಿಯುತ್ತದೆ, ಟೈಲ್ಸ್ ನಡುವಿನ ಗ್ರೌಟ್ ಉದುರುತ್ತಿದೆ. ತೋಟಕ್ಕೆ ತಂದ ಮೈಲುತುತ್ತವನ್ನೇ ಪಾಚಿಗೆ ಹಾಕಬಹುದೇ?

ಉತ್ತರ: ನಿಮ್ಮದು ಮೇಲಿನದಕ್ಕೆ ತದ್ವಿರುದ್ಧದ ಸಮಸ್ಯೆ. ಮಲೆನಾಡಿನ ಮೆದು ನೀರಿನಲ್ಲಿ ಕ್ಷಾರತೆಯೂ ಕ್ಯಾಲ್ಸಿಯಮ್ಮೂ ತೀರ ಕಡಿಮೆ; ತನಗೆ ಬೇಕಾದ ಸುಣ್ಣವನ್ನು ಅದು ಗ್ರೌಟ್‌ನಿಂದ ಕರಗಿಸಿಕೊಳ್ಳುತ್ತದೆ. ಪ್ರತಿ 10,000 ಲೀಟರ್‌ಗೆ 170 ಗ್ರಾಂ ಅಡುಗೆ ಸೋಡಾ ಹಾಕಿದರೆ ಕ್ಷಾರತೆ 10 ಪಿಪಿಎಂ ಏರುತ್ತದೆ. ಅದನ್ನು 100ರ ಸಮೀಪಕ್ಕೆ ತಂದು, ಒಂದೆರಡು ದಿನ ಬಿಟ್ಟು, ಕ್ಯಾಲ್ಸಿಯಂ ಕ್ಲೋರೈಡ್‌ನಿಂದ ಗಡಸುತನವನ್ನು 200ಕ್ಕೆ ಏರಿಸಿರಿ. ಎರಡನ್ನೂ ಒಟ್ಟಿಗೆ ಹಾಕಿದರೆ ನೀರು ಬೆಳ್ಳಗಾಗುತ್ತದೆ.

ಮೈಲುತುತ್ತ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೇ ಇರಲಿ. ತಾಮ್ರ ಪಾಚಿಯನ್ನು ಕೊಲ್ಲುತ್ತದೆ ನಿಜ, ಆದರೆ ಅದು ಕ್ಲೋರಿನ್‌ನ ಕೆಲಸ ಮಾಡುವುದಿಲ್ಲ. ಅಳತೆ ತಪ್ಪಿದರೆ ಟೈಲ್ಸ್ ಮೇಲೆ ಕಲೆ ಬೀಳುತ್ತದೆ, ನರೆತ ಕೂದಲಿನ ಅತಿಥಿಗಳು ಹಸಿರು ತಲೆ ಹೊತ್ತು ಊರಿಗೆ ಮರಳಬೇಕಾಗುತ್ತದೆ.