ಯುದ್ಧದ ಹೊತ್ತಿನಲ್ಲಿ ಬೆಳೆದ ಹೆಣ್ಣುಮಕ್ಕಳು ಇಲ್ಲಿ ಯಾರಾದರೂ ಇದ್ದೀರಾ? ಯಾವಾಗಲೂ ಬಾಂಬಿನ ಭಯವೇ ಇರುತ್ತಿತ್ತಾ?

ಬಾಂಬಿನ ಭಯ ನನಗೆ ಅಷ್ಟಾಗಿ ಇರಲಿಲ್ಲ. ಇದ್ದದ್ದು ಸೈನಿಕರ ಭಯ, ಅದೂ ಅಮ್ಮನಿಂದ ಅಂಟಿದ್ದು.

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ ನನಗೆ ಹನ್ನೆರಡು ವರ್ಷ. ನಾವು ಉಡುಪಿ ಕಡೆಯವರು. ಅಪ್ಪ ಕುವೈತಿನಲ್ಲಿ ಅಕೌಂಟೆಂಟ್, ಮನೆ ಅಲ್ಲಿನ ಸಾಲ್ಮಿಯಾದಲ್ಲಿ. ಶಾಲೆಗೆ ಬೇಸಿಗೆ ರಜೆ ಇದ್ದುದರಿಂದ ಗೆಳತಿಯರೆಲ್ಲ ಊರಿಗೆ ಹೋಗಿದ್ದರು. ಆ ವರ್ಷ ನಮಗೆ ಟಿಕೆಟ್ಟಿಗೆ ದುಡ್ಡು ಹೊಂದಿರಲಿಲ್ಲ. ಹಾಗಾಗಿ ಇಡೀ ಬಿಲ್ಡಿಂಗಿನಲ್ಲಿ ನನ್ನ ಪ್ರಾಯದ ಹುಡುಗಿ ನಾನೊಬ್ಬಳೇ.

ಮೊದಮೊದಲು ಅಪ್ಪನ ಜೊತೆ ಕುಬ್ಬೂಸಿನ, ಅಂದರೆ ಅಲ್ಲಿನ ರೊಟ್ಟಿಯ, ಕ್ಯೂನಲ್ಲಿ ನಾನೂ ನಿಲ್ಲುತ್ತಿದ್ದೆ. ಒಂದು ದಿನ ಚೆಕ್‌ಪೋಸ್ಟಿನಲ್ಲಿ ಸೈನಿಕನೊಬ್ಬ, ಇವಳಿಗೆ ಎಷ್ಟು ವಯಸ್ಸು ಅಂತ ಅಪ್ಪನನ್ನು ಕೇಳಿದ. ಕೇಳಿದ್ದು ಅಷ್ಟೇ. ಮರುದಿನದಿಂದ ನಾನು ಬಾಗಿಲು ದಾಟುವ ಹಾಗಿಲ್ಲ, ನನಗಿಂತ ಚಿಕ್ಕವನಾದ ತಮ್ಮ ಚೀಲ ಹಿಡಿದು ಹೊರಟ. ಬಾಲ್ಕನಿಯಲ್ಲಿ ನನ್ನ ಫ್ರಾಕು ಕಂಡರೆ ಮನೆಯಲ್ಲಿ ಹುಡುಗಿ ಇದ್ದಾಳೆಂದು ಗೊತ್ತಾಗುತ್ತದಲ್ಲ, ಅದಕ್ಕೆ ಅಮ್ಮ ಅದರ ಮೇಲೆ ಅಪ್ಪನ ಲುಂಗಿ ಹರವಿ ಒಣಗಿಸುತ್ತಿದ್ದಳು. ಆ ಸೆಕೆಗೆ ಬಟ್ಟೆ ಹೇಗೂ ಒಣಗುತ್ತಿತ್ತು ಬಿಡಿ.

ಸೆಪ್ಟೆಂಬರಿನಲ್ಲಿ ಬಸ್ಸು ಹಿಡಿದು ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನ್ ಗಡಿಗೆ ಬಂದೆವು. ಸುತ್ತ ಮರಳುಗಾಡು, ಸಾಲು ಸಾಲು ಡೇರೆ. ನಾನು ದೊಡ್ಡವಳಾದದ್ದು ಅಲ್ಲೇ. ಟ್ಯಾಂಕರಿನಲ್ಲಿ ಬರುವ ನೀರು ಕುಡಿಯುವುದಕ್ಕೇ ಸಾಲದು, ಇನ್ನು ಬಟ್ಟೆ ಒಗೆಯುವುದೆಲ್ಲಿ? ಅಮ್ಮ ಒಂದು ಹತ್ತಿ ಸೀರೆ ಹರಿದಳು. ಪಕ್ಕದ ಡೇರೆಯ ಮಲಯಾಳಿ ನರ್ಸ್ ಚೇಚಿ ತಮ್ಮ ಬ್ಯಾಗಿನಿಂದ ಹತ್ತಿಯ ಸುರುಳಿ ತೆಗೆದುಕೊಟ್ಟರು. ಕತ್ತಲಾದ ಮೇಲೆ ಹೆಂಗಸರೆಲ್ಲ ಒಟ್ಟಿಗೆ ಡೇರೆಗಳಾಚೆ ಹೋಗುವುದು, ಇಬ್ಬರು ಬೆಡ್‌ಶೀಟ್ ಅಡ್ಡ ಹಿಡಿಯುವುದು. ಊರಲ್ಲಾಗಿದ್ದರೆ ನೀರೆರೆದು, ಹೂ ಮುಡಿಸಿ, ಆರತಿ ಎತ್ತುತ್ತಿದ್ದರು. ಆಮೇಲೆ ವಿಷಯ ಗೊತ್ತಾದಾಗ ಅಜ್ಜಿ ಯುದ್ಧಕ್ಕಿಂತ ಹೆಚ್ಚು ಅತ್ತದ್ದು ಇದಕ್ಕೇ.

ಜೋರ್ಡಾನಿನ ರಾಜಧಾನಿ ಅಮ್ಮಾನಿನಿಂದ ಬೊಂಬಾಯಿಗೆ ಏರ್ ಇಂಡಿಯಾ ವಿಮಾನ. ಆಗ ಹೀಗೆ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಕರೆತಂದರು. ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೆ ಈ ಕಥೆ ಹೇಳುವವರೆಲ್ಲ ವಿಮಾನಗಳ ಲೆಕ್ಕ ಕೊಡುತ್ತಾರೆ. ಆ ಡೇರೆಗಳಲ್ಲಿ ಹೆಂಗಸರು ಹೇಗೆ ದಿನ ಕಳೆದರು ಅಂತ ನನ್ನನ್ನು ಈವರೆಗೆ ಒಬ್ಬರೂ ಕೇಳಿಲ್ಲ.

1991ರ ಜನವರಿಯಲ್ಲಿ ನಿಜವಾದ ಬಾಂಬುಗಳು ಬೀಳುವಾಗ ನಾನು ಅಜ್ಜಿ ಮನೆಯಲ್ಲಿ, ಅರ್ಧ ವರ್ಷದಲ್ಲಿ ಸೇರಿದ ಶಾಲೆಯ ಕನ್ನಡ ಪಾಠ ಓದಲು ಒದ್ದಾಡುತ್ತಿದ್ದೆ. ಅಪ್ಪ ರೇಡಿಯೋ ಬಿಟ್ಟು ಏಳುತ್ತಿರಲಿಲ್ಲ.

1992ರಲ್ಲಿ ಅಪ್ಪ ಕುವೈತಿಗೆ ವಾಪಸಾದರು. ಆಮೇಲೆ ಅಮ್ಮನನ್ನೂ ತಮ್ಮನನ್ನೂ ಕರೆಸಿಕೊಂಡರು. ನನ್ನನ್ನು ಮಾತ್ರ ಹಾಸ್ಟೆಲಿಗೆ ಹಾಕಿದರು. ನಾನೂ ಬರುತ್ತೇನೆಂದು ಹಟ ಹಿಡಿದದ್ದಕ್ಕೆ, "ನೀನು ಹುಡುಗಿ, ಊರಲ್ಲೇ ಇರು" ಅಂದರು. ಇರಾಕಿನ ಸೈನ್ಯ ಕುವೈತ್ ಬಿಟ್ಟು ಆಗಲೇ ವರ್ಷ ದಾಟಿತ್ತು.