ಸಂಪಾದಕರ ಉತ್ತರ: ಫ್ಯಾನ್ ಶುರುವಾದ ಕೂಡಲೇ ಹತ್ತು ಡಿಗ್ರಿ ಇಳಿಯುವ ಎಂಜಿನ್

ಬಳ್ಳಾರಿಯ ಓದುಗರೊಬ್ಬರು ತಮ್ಮ ಹಳೇ ಕಾರ್ಬ್ಯುರೇಟರ್ ಜಿಪ್ಸಿಗೆ ಇಂಜೆಕ್ಷನ್ ಹಾಕಿಸಿ, ಸ್ಪೀಡುಯಿನೋ ಇಸಿಯು (ಪೆಟ್ರೋಲ್ ಎಷ್ಟು ಬೇಕು ಅಂತ ನಿರ್ಧರಿಸುವ ಎಂಜಿನ್ನಿನ ಕಂಪ್ಯೂಟರ್) ಕೂಡಿಸಿದ್ದಾರೆ. ಭಾನುವಾರ ಸಂಡೂರಿನ ಗುಡ್ಡದ ಕಡೆ ಓಡಿಸುತ್ತಾರಂತೆ. ಅವರ ಪತ್ರದ ಸಾರ ಇಷ್ಟು: "ಎಂಜಿನ್ ನೀರಿನ ಬಿಸಿ ಅಳೆಯಲು ಬಾಷ್ ಕಂಪನಿಯ ಎರಡು ಪಿನ್ನಿನ ಕೂಲಂಟ್ ಸೆನ್ಸರ್ ಹಾಕಿದ್ದೇನೆ. ಒಂದು ವೈರ್ ಇಸಿಯುಗೆ, ಇನ್ನೊಂದು ಪಕ್ಕದ ಎಂಜಿನ್ ಬೋಲ್ಟಿಗೆ ಅರ್ತ್. ರೇಡಿಯೇಟರ್ ಫ್ಯಾನ್ ಶುರುವಾದ ಕೂಡಲೇ ಲ್ಯಾಪ್‌ಟಾಪಿನಲ್ಲಿ ಟೆಂಪರೇಚರ್ ಹತ್ತು ಡಿಗ್ರಿ ಇಳಿಯುತ್ತದೆ. ಚಹಾಕ್ಕೆ ನಿಲ್ಲಿಸಿ ಮತ್ತೆ ಹೊರಟರೆ ಗಾಡಿ ಮುಗ್ಗರಿಸುತ್ತದೆ. ಇನ್ನೂ ದುಬಾರಿ ಸೆನ್ಸರ್ ತಗೊಳ್ಳಲಾ? ಮೆಕ್ಯಾನಿಕ್ ಅಂತೂ, ಡ್ಯಾಶ್‌ಬೋರ್ಡ್ ಮೀಟರಿನ ಸೆನ್ಸರ್ ವೈರಿಗೇ ಜಾಯಿಂಟ್ ಹಾಕಿ ಬಿಡಿ ಅನ್ನುತ್ತಾರೆ."

ದುಬಾರಿ ಸೆನ್ಸರ್ ಬೇಡ. ಈಗಿರುವುದೇ ಸಾಕು. ನಿಮ್ಮ ದುಡ್ಡು ಎರಡು ಮೀಟರ್ ವೈರಿಗೆ ಮತ್ತು ನೀರು, ಧೂಳು ಒಳಗೆ ಹೋಗದ ಕನೆಕ್ಟರಿಗೆ ಹೋಗಲಿ.

ನಿಮ್ಮ ಇಸಿಯುಗೆ ಬಿಸಿ, ತಂಪು ಏನೂ ಗೊತ್ತಾಗುವುದಿಲ್ಲ. ಅದು ನೋಡುವುದು ವೋಲ್ಟೇಜ್ ಮಾತ್ರ. ಸೆನ್ಸರಿನ ಒಳಗೆ ಒಂದು ಸಣ್ಣ ಥರ್ಮಿಸ್ಟರ್ ಇದೆ. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ಸಾಮಾನ್ಯ ಬಾಷ್ ಸೆನ್ಸರಿನಲ್ಲಿ 20 ಡಿಗ್ರಿಗೆ 2500 ಓಮ್ಸ್, 100 ಡಿಗ್ರಿಗೆ ಬರೀ 186 ಓಮ್ಸ್. ಇಸಿಯು ತನ್ನೊಳಗಿನ 2490 ಓಮ್ಸ್ ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸಿ, ಸೆನ್ಸರಿನ ಮೇಲೆ ಎಷ್ಟು ವೋಲ್ಟ್ ಉಳಿಯಿತು ಅಂತ ಅಳೆಯುತ್ತದೆ. ಆಮೇಲೆ ಟೇಬಲ್ ನೋಡಿ ಡಿಗ್ರಿ ಹೇಳುತ್ತದೆ.

ಈಗ ಲೆಕ್ಕ ಹಾಕಿ. 100 ಡಿಗ್ರಿಯಲ್ಲಿ ಸೆನ್ಸರಿನ ಮೇಲೆ ಇರುವುದು ಸುಮಾರು 0.35 ವೋಲ್ಟ್. ಫ್ಯಾನ್ ತಿರುಗಿದಾಗ ಅದರ ಕರೆಂಟ್ ಎಂಜಿನ್ನಿನಿಂದ ಬ್ಯಾಟರಿ ನೆಗೆಟಿವ್‌ಗೆ ಹೋಗುವ ಹಳೇ ಅರ್ತ್ ಪಟ್ಟಿಯ ಮೂಲಕ ವಾಪಸ್ ಹೋಗಬೇಕು. ಆ ಪಟ್ಟಿ ತುಕ್ಕು ಹಿಡಿದಿದ್ದರೆ ಎಂಜಿನ್ ಬ್ಲಾಕ್ ಇಸಿಯು ಗ್ರೌಂಡಿಗಿಂತ 0.1 ವೋಲ್ಟ್ ಮೇಲೇರಬಹುದು. ನಿಮ್ಮ ಸೆನ್ಸರಿನ ಅರ್ತ್ ವೈರ್ ಕೂತಿರುವುದು ಅದೇ ಬ್ಲಾಕಿನ ಬೋಲ್ಟಿನ ಮೇಲೆ ಅಲ್ವಾ? ಆ 0.1 ಕೂಡಿಕೊಂಡು ಇಸಿಯುಗೆ 0.45 ಕಾಣುತ್ತದೆ. ಅಂದರೆ ಸುಮಾರು 246 ಓಮ್ಸ್, ಅಂದರೆ 90 ಡಿಗ್ರಿ. ನೀರು ಒಂದು ಡಿಗ್ರಿಯೂ ತಣ್ಣಗಾಗಿಲ್ಲ, ಇಸಿಯು ಮಾತ್ರ ಆಯಿತು ಅಂದುಕೊಂಡು ಫ್ಯಾನ್ ನಿಲ್ಲಿಸುತ್ತದೆ. ಫ್ಯಾನ್ ನಿಂತರೆ ಮತ್ತೆ 100. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಅದೇ 0.1 ವೋಲ್ಟಿಗೆ ಎರಡು ಡಿಗ್ರಿ ವ್ಯತ್ಯಾಸವೂ ಬರುವುದಿಲ್ಲ. ಅದಕ್ಕೇ ಇದು ಶೆಡ್ಡಿನಲ್ಲಿ ಸಿಕ್ಕುವ ದೋಷವಲ್ಲ, ಗುಡ್ಡ ಹತ್ತುವಾಗ ಸಿಕ್ಕುವ ದೋಷ.

ಆ ಅರ್ತ್ ವೈರ್ ಬೋಲ್ಟಿನಿಂದ ಬಿಚ್ಚಿ. ಎರಡೂ ವೈರ್ ಒಟ್ಟಿಗೆ ಹೊಸೆದು ಇಸಿಯುವರೆಗೂ ಎಳೆಯಿರಿ, ಎರಡನೆಯದನ್ನು ಸೆನ್ಸರ್ ಗ್ರೌಂಡ್ ಪಿನ್ನಿಗೇ ಕೊಡಿ. ಥ್ರಾಟಲ್ ಸೆನ್ಸರಿನ ಗ್ರೌಂಡ್ ಕೂಡ ಅಲ್ಲಿಗೇ ಬರಲಿ, ತೊಂದರೆ ಇಲ್ಲ. ಫ್ಯಾನ್, ಇಂಜೆಕ್ಟರ್, ಕಾಯಿಲ್‌ಗಳ ಅರ್ತ್ ಮಾತ್ರ ಅದಕ್ಕೆ ಸೇರಿಸಬೇಡಿ. ಯಾವ ವೈರ್ ಯಾವ ಪಿನ್ನಿಗೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ಥರ್ಮಿಸ್ಟರಿಗೆ ಪ್ಲಸ್ ಮೈನಸ್ ಇಲ್ಲ. ಹರಿಯುವ ಕರೆಂಟ್ 2 ಮಿಲಿಆಂಪ್ ಒಳಗೇ ಇರುವುದರಿಂದ 0.5 ಚದರ ಎಂಎಂ ವೈರ್ ಸಾಕು. ಆದರೆ ಗಾಡಿಯ ವೈರೇ ಇರಲಿ. ಮನೆ ವೈರಿಂಗಿನದ್ದು ಬಾನೆಟ್ ಬಿಸಿಗೆ ತಡೆಯುವುದಿಲ್ಲ. ಪ್ಲಗ್ ವೈರುಗಳಿಂದ ದೂರ ಹಾಯಿಸಿ.

ಮೆಕ್ಯಾನಿಕ್ ಹೇಳಿದ ಜಾಯಿಂಟ್ ಮಾತ್ರ ಯಾವ ಕಾರಣಕ್ಕೂ ಬೇಡ. ಡ್ಯಾಶ್‌ಬೋರ್ಡ್ ಮೀಟರ್ ತನ್ನ ಸೆನ್ಸರಿಗೆ ತಾನೇ ಬ್ಯಾಟರಿ ಕಡೆಯಿಂದ ಕರೆಂಟ್ ಕಳಿಸುತ್ತದೆ. 5 ವೋಲ್ಟಿನ ಇನ್‌ಪುಟ್‌ಗೆ ಅದು ನುಗ್ಗಿದರೆ ರೀಡಿಂಗ್ ಕೆಡುವುದು ಇರಲಿ, ಬೋರ್ಡೇ ಸುಡಬಹುದು. ಮೀಟರಿಗೆ ಅದರ ಒಂಟಿ ವೈರಿನ ಸೆನ್ಸರ್, ಇಸಿಯುಗೆ ಇಸಿಯುನದ್ದೇ. ಅಂದ ಹಾಗೆ, ಆ ಒಂಟಿ ವೈರಿನದಕ್ಕೆ ಎಂಜಿನ್ನೇ ಅರ್ತ್. ಲೀಕ್ ಆಗುತ್ತದೆ ಅಂತ ಅದರ ಥ್ರೆಡ್ಡಿಗೆ ಜಾಸ್ತಿ ಟೆಫ್ಲಾನ್ ಟೇಪ್ ಸುತ್ತಿದರೆ ಮುಳ್ಳು ತಪ್ಪು ತೋರಿಸುತ್ತದೆ.

ಸೆನ್ಸರ್ ಜಾಗ ನೀವು ಬರೆದಿಲ್ಲ. ಥರ್ಮೋಸ್ಟಾಟಿನ (ಎಂಜಿನ್ ಬಿಸಿಯಾಗುವವರೆಗೂ ರೇಡಿಯೇಟರಿಗೆ ನೀರು ಬಿಡದ ವಾಲ್ವ್) ಎಂಜಿನ್ ಕಡೆ, ಹೆಡ್ಡಿನಿಂದ ಬಿಸಿನೀರು ಹೊರಬೀಳುವಲ್ಲಿ ಇರಬೇಕು. ರೇಡಿಯೇಟರ್ ಹೋಸಿನ ಕಡೆ ಇಟ್ಟರೆ ಥರ್ಮೋಸ್ಟಾಟ್ ತೆರೆಯುವವರೆಗೂ ಅಲ್ಲಿ ನೀರೇ ಹರಿಯುವುದಿಲ್ಲ. ಎಂಜಿನ್ ಬಿಸಿಯಾಗಿದ್ದರೂ ಇಸಿಯು ತಣ್ಣಗಿದೆ ಅಂತ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ಇನ್ನು ಟೇಬಲ್. ಜಿಎಂ (ಜನರಲ್ ಮೋಟಾರ್ಸ್) ಸೆನ್ಸರಿನ ಟೇಬಲ್ ಹಾಕಿ, ಬಾಷ್ ಸೆನ್ಸರ್ ಕೂರಿಸಿದವರು ಬಹಳ ಜನ ಇದ್ದಾರೆ. ಎರಡೂ 100 ಡಿಗ್ರಿ ಹತ್ತಿರ ಹೆಚ್ಚುಕಡಿಮೆ ಒಂದೇ: ಬಾಷ್ 186 ಓಮ್ಸ್, ಜಿಎಂ 177. ಹಾಗಾಗಿ ಬಿಸಿ ಎಂಜಿನ್ನಿನಲ್ಲಿ ನೋಡಿ ಸರಿ ಇದೆ ಅಂದುಕೊಳ್ಳುತ್ತಾರೆ. 20 ಡಿಗ್ರಿಗೆ ಬಂದರೆ ಬಾಷ್ 2500, ಜಿಎಂ 3520. ಚಳಿಗಾಲದ ಬೆಳಿಗ್ಗೆ ಏಳೆಂಟು ಡಿಗ್ರಿ ಜಾಸ್ತಿ ತೋರಿಸಿ, ಸ್ಟಾರ್ಟಿಂಗಿಗೆ ಪೆಟ್ರೋಲ್ ಕಮ್ಮಿ ಬೀಳುತ್ತದೆ. ಗುಜರಿ ಸೆನ್ಸರಾದರಂತೂ ನೀವೇ ಅಳೆಯಿರಿ. ಕರಗುತ್ತಿರುವ ಐಸ್ ನೀರು, ಸಾದಾ ನೀರು, ಕುದಿಯುವ ನೀರು. ಮೂರರಲ್ಲೂ ಮಲ್ಟಿಮೀಟರ್ ಹಿಡಿದು ಓಮ್ಸ್ ಬರೆದುಕೊಂಡು, ಲ್ಯಾಪ್‌ಟಾಪಿನಲ್ಲಿ ಇಸಿಯು ಹೊಂದಿಸುವ ಸಾಫ್ಟ್‌ವೇರ್ ಟ್ಯೂನರ್ ಸ್ಟುಡಿಯೋದ ಥರ್ಮಿಸ್ಟರ್ ಟೇಬಲ್‌ನಲ್ಲಿ ತುಂಬಿಸಿ. ಸಾದಾ ನೀರಿಗೆ ಥರ್ಮಾಮೀಟರ್ ಬೇಕು. ಬಳ್ಳಾರಿ ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿರುವುದರಿಂದ ಅಲ್ಲಿ ನೀರು 98 ಡಿಗ್ರಿ ದಾಟಿದ ಕೂಡಲೇ ಕುದಿಯುತ್ತದೆ, 100 ಅಂತ ಬರೆಯಬೇಡಿ.

ಚಹಾ ಕುಡಿದು ಹೊರಟಾಗಿನ ಮುಗ್ಗರಿಕೆಗೆ ನನಗೆ ಅನುಮಾನ, ಎಂಜಿನ್ನಿಗೆ ಹೋಗುವ ಗಾಳಿಯ ಬಿಸಿ ಅಳೆಯುವ ಸೆನ್ಸರಿನ ಮೇಲೆ. ಮ್ಯಾನಿಫೋಲ್ಡಿಗೇ (ಎಂಜಿನ್ನಿಗೆ ಗಾಳಿ ಒಯ್ಯುವ ಲೋಹದ ಕೊಳವೆಗೇ) ಹಿತ್ತಾಳೆಯ ಮುಚ್ಚಿದ ಸೆನ್ಸರ್ ತಿರುಗಿಸಿದ್ದೀರಿ ಅಂತ ಪತ್ರದ ಕೊನೆಗೆ ಬರೆದಿದ್ದೀರಲ್ಲ, ಅದು ಗಾಳಿಯನ್ನು ಅಳೆಯುತ್ತಿಲ್ಲ, ಕಾದ ಲೋಹವನ್ನು ಅಳೆಯುತ್ತಿದೆ. ಏಪ್ರಿಲ್ ಬಿಸಿಲಲ್ಲಿ ಒಳಗೆ ಬರುವ ಗಾಳಿ 42 ಡಿಗ್ರಿ, ಸೆನ್ಸರ್ ಹೇಳುವುದು 75 ಅನ್ನೋಣ. ಬಿಸಿ ಗಾಳಿ ತೆಳು ಅಂತ ಇಸಿಯು ಶೇ 9ರಿಂದ 10ರಷ್ಟು ಪೆಟ್ರೋಲ್ ಕಡಿತ ಮಾಡುತ್ತದೆ. ಮುಗ್ಗರಿಸದೆ ಇನ್ನೇನು ಮಾಡೀತು? ಜಾಲರಿಯಂಥ ತೆರೆದ ಮೂತಿಯ ಸೆನ್ಸರ್ ತಗೊಂಡು, ಥ್ರಾಟಲ್‌ಗಿಂತ ಮೊದಲು, ಏರ್ ಫಿಲ್ಟರಿನ ಪ್ಲಾಸ್ಟಿಕ್ ಅಥವಾ ರಬ್ಬರ್ ಪೈಪಿನಲ್ಲಿ ಕೂರಿಸಿ. ಹೊಸದಾಗಿ ಖರ್ಚು ಮಾಡಲೇಬೇಕಾದ ಸೆನ್ಸರ್ ಇದೊಂದೇ. ಇದನ್ನು ನೀರಿನಲ್ಲಿ ಪರೀಕ್ಷಿಸುವಾಗ ತೆಳು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮುಳುಗಿಸಿ, ಇಲ್ಲದಿದ್ದರೆ ನೀರೇ ಕರೆಂಟ್ ಹಾಯಿಸಿ ಓಮ್ಸ್ ತಪ್ಪಾಗುತ್ತದೆ.

ಇಷ್ಟೆಲ್ಲ ಆದ ಮೇಲೂ ಆ ಅರ್ತ್ ಪಟ್ಟಿಯನ್ನು ಬಿಡಬೇಡಿ, ಸ್ಟಾರ್ಟರಿಗೂ ಅದೇ ದಾರಿ. ಫ್ಯಾನ್ ತಿರುಗುತ್ತಿರುವಾಗ ಎಂಜಿನ್ ಬ್ಲಾಕಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಮಲ್ಟಿಮೀಟರ್ ಹಿಡಿಯಿರಿ. 0.05 ವೋಲ್ಟಿಗಿಂತ ಜಾಸ್ತಿ ಬಂದರೆ ಪಟ್ಟಿಯ ಎರಡೂ ತುದಿ ಬಿಚ್ಚಿ, ಕೆಮ್ಮಣ್ಣಿನ ಧೂಳು, ತುಕ್ಕು, ಪೇಂಟ್ ಎಲ್ಲ ಉಜ್ಜಿ ತೆಗೆದು ಬಿಗಿ ಮಾಡಿ. ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿರಿ.