ಗೆಲ್ಲು ಬಿದ್ದ ಮಿಷನ್: ರಿಪೇರಿಯಾ, ಹೊಸತಾ?

ತೋಟದ ಯಂತ್ರಗಳು: ಓದುಗರ ಪ್ರಶ್ನೆಗೆ ಬದಿಯಡ್ಕದ ಮೆಕ್ಯಾನಿಕ್ ಉತ್ತರ

ಪ್ರಶ್ನೆ: ಗಾಳಿಮಳೆಗೆ ಅಂಗಳದ ಬದಿಯ ಹಲಸಿನ ಗೆಲ್ಲು ಮುರಿದು ನನ್ನ ಮರ ಕೊಯ್ಯುವ ಮಿಷನ್ ಮೇಲೆಯೇ ಬಿತ್ತು. ಹಿಂದಿನ ಹಿಡಿ ಒಡೆದಿದೆ, ಎದುರಿನ ಬ್ರೇಕ್ ಹಿಡಿ ಮುರಿದಿದೆ, ಚೈನ್ ಓಡುವ ಬಾರ್ ಸೊಟ್ಟ ಆಗಿದೆ. ಇಂಜಿನ್ ಸ್ಟಾರ್ಟ್ ಆಗುತ್ತದೆ. ಆದರೆ ಬಿಸಿಯಾದ ಮೇಲೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಮಾಡುವುದು ಕಷ್ಟ. ಇದು ಗೆಲ್ಲು ಬೀಳುವ ಮೊದಲೇ ಇದ್ದ ತೊಂದರೆ. ಹಿಡಿ, ಬ್ರೇಕ್, ಬಾರ್ ಎಲ್ಲ ಹೊಸತು ಹಾಕಲು 6,500 ರೂಪಾಯಿ ಹೇಳಿದ್ದಾರೆ. ಹಿಂದೆ 24,000 ಕೊಟ್ಟು ತಂದ ಒಳ್ಳೆ ಕಂಪೆನಿಯ ಮಿಷನ್. 7,000ಕ್ಕೆ ಹೊಸ 58 ಸಿಸಿ ಮಿಷನೇ ಸಿಗುವಾಗ ಇದಕ್ಕೆ ಯಾಕೆ ಹಣ ಹಾಕುವುದು ಅಂತ ಭಾವ ಹೇಳುತ್ತಾರೆ. ಏನು ಮಾಡಲಿ? ಸದ್ಯಕ್ಕೆ ಬ್ರೇಕ್ ಹಿಡಿ ಇಲ್ಲದೆ ಕೆಲಸ ಮಾಡಬಹುದಾ?
ಓದುಗರು, ಎಣ್ಮಕಜೆ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಬೇಡ ಮಾರಾಯರೇ, ಒಂದು ಗೆಲ್ಲು ಕೊಯ್ಯುವಷ್ಟೂ ಬೇಡ. ಬಾರ್‌ನ ತುದಿಯ ಮೇಲಿನ ಭಾಗ ಮರಕ್ಕೆ ತಾಗಿದರೆ ಮಿಷನ್ ಒಮ್ಮೆಲೇ ಹಿಂದಕ್ಕೆ, ನಿಮ್ಮ ಮುಖದ ಕಡೆಗೆ ಹಾರುತ್ತದೆ. ಆಗ ಚೈನ್ ನಿಲ್ಲಿಸುವುದು ಆ ಎದುರಿನ ಹಿಡಿ ಮಾತ್ರ. ಅದು ಮುರಿದ ಮೇಲೂ 'ಸುಮ್ನೆ ಸ್ವಲ್ಪ ಜಾಗ್ರತೆ ಮಾಡಿದರೆ ಆಯ್ತು' ಎನ್ನುವವರು ತುಂಬಾ ಜನ ಇದ್ದಾರೆ. ಮಿಷನ್ ಹಾರುವುದು ಕಣ್ಣು ಮಿಟುಕಿಸುವುದರೊಳಗೆ. ಜಾಗ್ರತೆ ಮಾಡಲು ಅಲ್ಲಿ ಸಮಯವೇ ಇಲ್ಲ.

ಇನ್ನು ರಿಪೇರಿಯ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ಹಲಸಿನ ಗೆಲ್ಲು ಅಲ್ಲ, ಬಿಸಿಯಾದ ಮೇಲೆ ಸ್ಟಾರ್ಟ್ ಆಗುವುದಿಲ್ಲ ಎಂಬ ಮಾತು. ಗೆಲ್ಲು ಬಿದ್ದು ಹಾಳಾದದ್ದು ಹೊರಗಿನ ಸಾಮಾನು. ಅದನ್ನು ಬಿಚ್ಚಿ ಬೇರೆ ಹಾಕಿದರೆ ಮುಗಿಯಿತು. ಆದರೆ ಒಳಗೆ ಪಿಸ್ಟನ್ ಗೀರಿದ್ದರೆ ನೀವು 6,500 ಕೊಟ್ಟು ಹೊಸ ಹಿಡಿ, ಹೊಸ ಬಾರ್ ಹಾಕಿಸುತ್ತೀರಿ, ಮುಂದಿನ ಬೇಸಗೆಗೆ ಇಂಜಿನ್ ನಿಲ್ಲುತ್ತದೆ. ಆ 6,500ರಲ್ಲಿ ಇಂಜಿನ್ ಕೆಲಸ ಇಲ್ಲ ಅಲ್ವಾ?

ಹಾಗಾಗಿ ಹಣ ಕೊಡುವ ಮೊದಲು ಸೈಲೆನ್ಸರ್ ಬಿಚ್ಚಿಸಿ. ಇಂಜಿನ್ ತಣ್ಣಗಿರಬೇಕು, ಪ್ಲಗ್ಗಿನ ಕ್ಯಾಪ್ ತೆಗೆದಿರಬೇಕು. ಎರಡು ಮೂರು ಬೋಲ್ಟ್‌ನ ಕೆಲಸ ಅಷ್ಟೆ. ಸೈಲೆನ್ಸರ್ ಇದ್ದ ತೂತಿಗೆ ಟಾರ್ಚ್ ಹಿಡಿದು, ಸ್ಟಾರ್ಟರ್ ಹಗ್ಗ ಮೆಲ್ಲ ಎಳೆಯುತ್ತಾ ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ನೋಡಿ. ಒಳ್ಳೆಯ ಪಿಸ್ಟನ್ ಬೂದು ಬಣ್ಣದಲ್ಲಿ ನುಣ್ಣಗಿರುತ್ತದೆ, ಫ್ಯಾಕ್ಟರಿಯಲ್ಲಿ ಕಡೆದ ಸಣ್ಣ ಅಡ್ಡ ಗೆರೆಗಳು ಹಾಗೇ ಕಾಣುತ್ತವೆ. ಉದ್ದುದ್ದ ಗೀರು ಇದ್ದರೆ, ಅಲ್ಯೂಮಿನಿಯಂ ಉಜ್ಜಿ ಮೆತ್ತಿದ ಹಾಗೆ ಕಂಡರೆ, ರಿಂಗ್ ತನ್ನ ಕಾಲುವೆಯಲ್ಲಿ ಅಂಟಿಕೊಂಡಿದ್ದರೆ ಅದು ಆಯಿಲ್ ಸಾಲದೆ ಬಿಸಿಯಾದ ಇಂಜಿನ್. ಆಯಿಲ್ ಬೆರೆಸದೆ ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಹೀಗಾಗುತ್ತದೆ. ಆಯಿಲ್ ಸೀಲಿನಲ್ಲಿ ಗಾಳಿ ಎಳೆದರೂ ಆಗುತ್ತದೆ. ಕಾರ್ಬೊರೇಟರ್ ಕಡೆಯಿಂದ ಮಾತ್ರ ಗೀರು ಕಂಡರೆ ಏರ್ ಫಿಲ್ಟರ್ ಹರಿದು ಧೂಳು ಒಳಗೆ ಹೋಗಿದೆ ಎಂದು ಅರ್ಥ.

ಮನೆಯಲ್ಲೇ ಮಾಡಬಹುದಾದ ಇನ್ನೊಂದು ಪರೀಕ್ಷೆ ಇದೆ. ಸ್ವಿಚ್ ಆಫ್ ಮಾಡಿ, ಮಿಷನನ್ನು ಸ್ಟಾರ್ಟರ್ ಹಗ್ಗದ ಹಿಡಿಯಲ್ಲಿ ತೂಗಲು ಬಿಡಿ, ಕೆಳಗೆ ಇನ್ನೊಂದು ಕೈ ಇರಲಿ. ಕಂಪ್ರೆಷನ್ (ಒಳಗಿನ ಗಾಳಿಯ ಒತ್ತಡ) ಇದ್ದರೆ ತಡೆದು ತಡೆದು ಇಳಿಯುತ್ತದೆ. ಬಾವಿಗೆ ಕೊಡಪಾನ ಬಿಟ್ಟ ಹಾಗೆ ಸರ್ರನೆ ಇಳಿದರೆ ಒಳಗೆ ಸವೆದಿದೆ. ಅಂಗಡಿಯಲ್ಲಿ ಈ ಒತ್ತಡ ಅಳೆಯುವ ಗೇಜ್ ಇದ್ದರೆ ಇನ್ನೂ ಒಳ್ಳೆಯದು. 150 ಪಿಎಸ್‌ಐ ಹತ್ತಿರ ಇದ್ದರೆ ನಿಶ್ಚಿಂತೆ. 100ಕ್ಕಿಂತ ಕೆಳಗೆ ಹೋದ ಇಂಜಿನ್ ಬಿಸಿಯಾದ ಮೇಲೆ ನಿಮ್ಮದರ ಹಾಗೆಯೇ ಸತಾಯಿಸುತ್ತದೆ.

ಗೆಲ್ಲು ಬಿದ್ದ ಕಾರಣ ಒಂದು ಜಾಗ ವಿಶೇಷವಾಗಿ ನೋಡಲೇಬೇಕು. ಬಾರ್ ಕೂರುವ ಎರಡು ಬೋಲ್ಟ್‌ಗಳ ಬುಡ. ಮಣ್ಣು, ಎಣ್ಣೆ, ಮರದ ಹುಡಿ ಎಲ್ಲ ಪೆಟ್ರೋಲ್ ಬ್ರಷ್‌ನಲ್ಲಿ ತೊಳೆದು, ಉಗುರು ಆಡಿಸಿ ನೋಡಿ. ಬಾರ್ ಸೊಟ್ಟ ಆಗುವಷ್ಟು ಪೆಟ್ಟು ಬಿದ್ದಿದೆ ಅಂದರೆ ಆ ಭಾರ ಬುಡಕ್ಕೂ ಹೋಗಿರುತ್ತದೆ. ಅಲ್ಲಿ ಕೂದಲೆಳೆಯ ಬಿರುಕು ಕಂಡರೂ ಮಿಷನಿನ ಆಸೆ ಬಿಡಿ. ಒಳ್ಳೆ ಕಂಪೆನಿಯ ದೊಡ್ಡ ಮಿಷನ್‌ಗಳ ಕ್ರ್ಯಾಂಕ್ ಕೇಸ್, ಅಂದರೆ ಈ ಬೋಲ್ಟ್ ಕೂತ ಇಂಜಿನಿನ ಕವಚ, ಹೆಚ್ಚಾಗಿ ಮೆಗ್ನೀಸಿಯಂ ಮಿಶ್ರದ್ದು. ಪೇಟೆಯ ಸಾದಾ ವೆಲ್ಡಿಂಗಿಗೆ ಅದನ್ನು ಕೊಡಬೇಡಿ, ಬೆಂಕಿಯೇ ಹಿಡಿಯಬಹುದು.

ಪಿಸ್ಟನ್ ಸರಿ, ಕೇಸ್ ಸರಿ ಇದ್ದರೆ ನಾನು ರಿಪೇರಿಯನ್ನೇ ಹೇಳುತ್ತೇನೆ. ಬಿಸಿ ಸ್ಟಾರ್ಟಿನ ತೊಂದರೆ ಆಗ ಕಾರ್ಬೊರೇಟರ್ ಅಥವಾ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್‌ನದ್ದು, ಅದನ್ನೂ ಒಟ್ಟಿಗೆ ಮಾಡಿಸಿ. ಸೊಟ್ಟ ಬಾರನ್ನು ಬಡಿದು ನೇರ ಮಾಡಿಸಬೇಡಿ, ಹೊಸತೇ ಹಾಕಿ. ಚೈನ್ ತಿರುಗಿಸುವ ಹಲ್ಲಿನ ಚಕ್ರ (ಸ್ಪ್ರಾಕೆಟ್) ಸವೆದಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಹೊಸ ಚೈನ್ ಬೇಗ ಹಾಳು. ಪಿಸ್ಟನ್ನೂ ಅದು ಓಡಾಡುವ ಬೋರೂ ಹೋಗಿದ್ದರೆ, ಅದರ ಜೊತೆಗೆ ಬೇರಿಂಗ್ ಕೂಡಾ ಅಲ್ಲಾಡುತ್ತಿದ್ದರೆ ರಿಪೇರಿಗೆ ಹೊರಡಬೇಡಿ. ಹಳೆಯದನ್ನು ಗುಜರಿಗೆ ಹಾಕದೆ ಇಟ್ಟುಕೊಳ್ಳಿ. ಕಾಯಿಲ್, ಕ್ಲಚ್, ಕಾರ್ಬೊರೇಟರ್ ಯಾರಿಗಾದರೂ ಬೇಕಾಗುತ್ತದೆ.

ಭಾವ ಹೇಳಿದ ಲೆಕ್ಕ ನನಗೆ ಒಪ್ಪಿಗೆ ಇಲ್ಲ. 6,500ನ್ನು ಹೋಲಿಸಬೇಕಾದ್ದು ನಿಮ್ಮ ಮಿಷನಿನಂಥದ್ದೇ ಹೊಸತಕ್ಕೆ ಇವತ್ತು ಎಷ್ಟಿದೆಯೋ ಅದರ ಜೊತೆ. ಅದರ ಅರ್ಧ ದಾಟಿದರೆ ಮಾತ್ರ ಹೊಸತು. 7,000ದ 58 ಸಿಸಿ ಮಿಷನ್ ಕೈಗೆ ಭಾರ, ನಡುಕ ಜಾಸ್ತಿ. ವರ್ಷಕ್ಕೊಮ್ಮೆ ಸೌದೆ ಕೊಯ್ಯುವವರಿಗೆ ಆದೀತು. ಆದರೂ ತರುವ ಮೊದಲು ಬ್ರೇಕ್ ಬ್ಯಾಂಡ್, ಆಯಿಲ್ ಪಂಪ್ ಅದೇ ಅಂಗಡಿಯಲ್ಲಿ ಸಿಗುತ್ತದಾ ಅಂತ ಕೇಳಿ. ಬಿದ್ದ ಕಂಗು (ಅಡಿಕೆ ಮರ) ತುಂಡು ಮಾಡಲು 58 ಸಿಸಿ ಬೇಕೇ ಇಲ್ಲ. 35 ಸಿಸಿ, 16 ಇಂಚು ಬಾರ್ ಧಾರಾಳ. ಹೊಸತೇ ಆಗಬೇಕು ಅಂತಾದರೆ ದುಡ್ಡು ಕೊಡುವ ಮೊದಲೇ ಕೃಷಿ ಭವನದಲ್ಲಿ ಯಂತ್ರದ ಸಬ್ಸಿಡಿ ವಿಚಾರಿಸಿ. ತಂದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ.

ಪ್ರಶ್ನೆ: ಮಳೆಗಾಲ ಇಡೀ ಅಟ್ಟದಲ್ಲಿದ್ದ ಮಿಷನ್ ಈಗ ಸ್ಟಾರ್ಟ್ ಆಗುವುದಿಲ್ಲ. ಕಾರ್ಬೊರೇಟರ್ ಹೋಗಿದೆ, ಹೊಸ ಮಿಷನ್ ತೆಗೆದುಕೊಳ್ಳಿ ಎನ್ನುತ್ತಾರೆ.
ಓದುಗರು, ಮುಳ್ಳೇರಿಯ

ಉತ್ತರ: ಹೊಸ ಮಿಷನ್ ಬೇಡವೇ ಬೇಡ. ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟೇ ಇಟ್ಟಿದ್ದಿರಿ ಅಂತ ಕಾಣುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇದೆ. ಅದು ಗಾಳಿಯ ಪಸೆ ಎಳೆಯುತ್ತದೆ. ನೀರು ಜಾಸ್ತಿಯಾದರೆ ಎಥೆನಾಲ್ ನೀರಿನ ಜೊತೆ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಪೆಟ್ರೋಲ್ ಹೀರುವ ಫಿಲ್ಟರ್ ಇರುವುದೂ ಅಲ್ಲೇ. ಹಳೆಯದನ್ನೆಲ್ಲ ಚೆಲ್ಲಿ, ಫಿಲ್ಟರ್ ಬದಲಿಸಿ, ಕಾರ್ಬೊರೇಟರಿನ ಡಯಾಫ್ರಂ (ಒಳಗಿನ ತೆಳು ಪೊರೆ) ಕಿಟ್ ಹಾಕಿಸಿ. ಗಟ್ಟಿಯಾದ ಡಯಾಫ್ರಂ ಬದಲಿಸಿದರೆ ಹೆಚ್ಚಿನವು ಸರಿಯಾಗುತ್ತವೆ. ಇನ್ನು ಮೇಲೆ ಬೇಕಾದಷ್ಟೇ ಮಿಶ್ರಣ ಮಾಡಿ. ನಿಮ್ಮ ಮಿಷನ್‌ನ ಪುಸ್ತಕದಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಎಂ.ಎಲ್., 25ಕ್ಕೆ 1 ಎಂದಿದ್ದರೆ 40 ಎಂ.ಎಲ್. ಟೂ ಸ್ಟ್ರೋಕ್ ಆಯಿಲ್. ಅಟ್ಟಕ್ಕೆ ಹಾಕುವ ದಿನ ಟ್ಯಾಂಕ್ ಖಾಲಿ ಮಾಡಿ, ಸ್ಟಾರ್ಟ್ ಮಾಡಿ, ತಾನೇ ನಿಲ್ಲುವವರೆಗೆ ಓಡಲು ಬಿಡಿ.